ಆಸಿಡ್ ಕೋಣೆಯ ಹಗ್ಗ

ಧಾರವಾಡದ ಒಂದು ಪದವಿ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಇಪ್ಪತ್ತೊಂಬತ್ತು ವರ್ಷವಾಯಿತು. ಹುಡುಗರು ನನಗೆ ಹೆದರುತ್ತಾರೆ. ಹೆದರಲಿ ಎಂದು ನಾನೂ ಮುಖ ಬಿಗಿದುಕೊಂಡೇ ಓಡಾಡುತ್ತೇನೆ. ಬ್ಯೂರೆಟ್ ತೊಳೆಯದೆ ಇಟ್ಟು ಹೋದವರನ್ನು ಕಾರಿಡಾರಿನಿಂದ ವಾಪಸ್ ಕರೆಸಿ ತೊಳೆಸಿದ್ದೇನೆ. ಬಾಟಲಿಯ ಮೇಲಿನ ಚೀಟಿ ಸೊಟ್ಟಗಿದ್ದರೆ ಅದನ್ನು ಕಿತ್ತು ನೆಟ್ಟಗೆ ಅಂಟಿಸುವವರೆಗೆ ನನಗೆ ಡಬ್ಬಿಯ ಊಟ ಸೇರುವುದಿಲ್ಲ. ಈ ಚೊಕ್ಕತನದ ಹುಚ್ಚನ್ನು ಜನ ನನ್ನ ಎದುರಿಗೆ ಹೊಗಳುತ್ತಾರೆ, ಹಿಂದೆ ಆಡಿಕೊಳ್ಳುತ್ತಾರೆ. ಅದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಒಬ್ಬ ಮನುಷ್ಯನ ಬೆನ್ನುಮೂಳೆ ಮುರಿದದ್ದು ಅದರಿಂದಲೇ.

ಆ ಮನುಷ್ಯ ನಮ್ಮ ಲ್ಯಾಬಿನ ಅಟೆಂಡರ್. ನನಗಿಂತ ಎರಡು ವರ್ಷ ಮೊದಲು ಕಾಲೇಜಿಗೆ ಸೇರಿದವನು. ಹತ್ತನೆಯ ತರಗತಿಯವರೆಗೆ ಓದಿದ್ದ. ಆದರೆ ಯಾವ ದ್ರಾವಣ ಎಷ್ಟು ಹಳತಾಗಿದೆ, ಯಾವ ಬಾಟಲಿಯ ಮುಚ್ಚಳ ಬಿಗಿ ಇಲ್ಲ ಎಂಬುದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದೆ, ಅವನು ನನ್ನನ್ನು ‘ಮೇಡಂರಿ’ ಎನ್ನುತ್ತಿದ್ದ. ಇಷ್ಟು ವರ್ಷ ಹಾಗೆಯೇ ನಡೆದಿತ್ತು, ಇಬ್ಬರಿಗೂ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ.

ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ನಾನು ಕಂಡೆನ್ಸೇಶನ್ ಪಾಲಿಮರ್ ಪಾಠ ಮಾಡುವ ದಿನ ಅವನೂ ತರಗತಿಗೆ ಬರುತ್ತಿದ್ದ. ಆ ದಿನ ನೈಲಾನ್ ಮಾಡಿ ತೋರಿಸುವ ಪದ್ಧತಿ. ಪಾಠ ನನ್ನದು, ನೂಲು ಎಳೆಯುವ ಕೆಲಸ ಅವನದು. ನಾನು ಎಳೆದರೆ ಅವಸರಕ್ಕೆ ನೂಲು ಹರಿಯುತ್ತಿತ್ತು.

ಪಾಠವನ್ನು ನಾನು ಪ್ರತಿ ವರ್ಷ ಒಂದೇ ರೀತಿ ಶುರು ಮಾಡುತ್ತಿದ್ದೆ. ಎರಡು ಜಾತಿಯ ಅಣುಗಳಿವೆ ಎಂದುಕೊಳ್ಳಿ. ಪ್ರತಿಯೊಂದಕ್ಕೂ ಎರಡು ಕೈ. ಒಂದು ಜಾತಿಯ ಕೈಯಲ್ಲಿ ಆಮ್ಲ, ಇನ್ನೊಂದರ ಕೈಯಲ್ಲಿ ಅಮೀನು. ಇದರ ಕೈ ಅದರ ಕೈಯನ್ನು ಹಿಡಿದಾಗ ನಡುವಿನಿಂದ ಒಂದು ನೀರಿನ ಅಣು ಕಳಚಿ ಬೀಳುತ್ತದೆ, ಕೈಗಳು ಬೆಸೆದುಕೊಳ್ಳುತ್ತವೆ. ಆಚೆ ಕೈ ಇನ್ನೂ ಖಾಲಿ ಇರುವುದರಿಂದ ಅದು ಮತ್ತೊಬ್ಬರನ್ನು ಹಿಡಿಯುತ್ತದೆ, ಮತ್ತೊಂದು ನೀರು ಬೀಳುತ್ತದೆ. ಹೀಗೆ ಸಾವಿರಾರು ಬೆಸೆದರೆ ಒಂದು ಸರಪಳಿ. ಒಂದೇ ಕೈಯವನು ನಡುವೆ ಬಂದರೆ ಸರಪಳಿ ಅಲ್ಲಿಗೆ ಮುಗಿಯಿತು. ಒಂದು ಜಾತಿ ಹೆಚ್ಚು, ಇನ್ನೊಂದು ಕಡಿಮೆ ಆದರೂ ಸರಪಳಿ ಗಿಡ್ಡವಾಗುತ್ತದೆ, ನೂಲಿಗೆ ಬಲ ಬರುವುದಿಲ್ಲ. ಕಾರ್ಖಾನೆಯಲ್ಲಿ ಇದನ್ನು ಕಾಯಿಸಿ, ಬಿದ್ದ ನೀರನ್ನು ಬಿಡದೆ ಹೊರಗೆ ಹಾಕುತ್ತಾರೆ. ನಮ್ಮ ಲ್ಯಾಬಿನಲ್ಲಿ ಅಷ್ಟು ಕಾಯಿಸಲಾಗುವುದಿಲ್ಲವೆಂದು ಆಮ್ಲದ ಬದಲು ಚುರುಕಾದ ಆಸಿಡ್ ಕ್ಲೋರೈಡ್ ಬಳಸುತ್ತೇವೆ. ಆಗ ನೀರಿನ ಬದಲು ಹೈಡ್ರೋಕ್ಲೋರಿಕ್ ಆಸಿಡ್ ಬೀಳುತ್ತದೆ.

ಅವನು ಬೀಕರಿನಲ್ಲಿ ಅಮೀನಿನ ನೀರು ಹಾಕಿ, ಅದರ ಮೇಲೆ ಇನ್ನೊಂದು ದ್ರಾವಣವನ್ನು ಗೋಡೆಗುಂಟ ಮೆಲ್ಲಗೆ ಸುರಿಯುತ್ತಿದ್ದ. ಎರಡೂ ಬೆರೆಯದೆ ಪದರಗಳಾಗಿ ನಿಲ್ಲುತ್ತಿದ್ದವು. ನಡುವೆ ಹಾಲಿನ ಕೆನೆಯಂಥ ಪೊರೆ ಹುಟ್ಟುತ್ತಿತ್ತು. ಚಿಮುಟದಿಂದ ಆ ಪೊರೆಯ ನಡುವನ್ನು ಹಿಡಿದು ಮೇಲೆ ಎತ್ತಿದರೆ ನೂಲು ಬರುತ್ತಿತ್ತು, ಎಳೆದಷ್ಟೂ ಬರುತ್ತಿತ್ತು. ಅವನು ಅದನ್ನು ಗಾಜಿನ ಕೋಲಿಗೆ ಸುತ್ತುತ್ತಾ ಮೇಜಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. ಹುಡುಗರು ಚಪ್ಪಾಳೆ ಹೊಡೆಯುತ್ತಿದ್ದರು. ನನ್ನ ಯಾವ ಪಾಠಕ್ಕೂ ಅವರು ಚಪ್ಪಾಳೆ ಹೊಡೆದದ್ದಿಲ್ಲ, ಅದಕ್ಕೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಪಾಠದ ಕೊನೆಗೆ ಒಂದು ಮಾತು ಹೇಳುತ್ತಿದ್ದೆ. ನೀರು ಬಿಟ್ಟು ಬೆಸೆದದ್ದು ನೀರು ಸಿಕ್ಕರೆ ಬಿಚ್ಚಿಕೊಳ್ಳುತ್ತದೆ. ಬರೀ ನೀರಿಗೆ ನೈಲಾನ್ ಜಗ್ಗುವುದಿಲ್ಲ. ಆದರೆ ನೀರಿನ ಜೊತೆ ಗಟ್ಟಿ ಆಸಿಡ್ ಸೇರಿದರೆ ಬೆಸುಗೆಗಳು ಒಂದೊಂದಾಗಿ ಕಳಚುತ್ತವೆ. ಪರೀಕ್ಷೆಗೆ ಬರುವ ಪ್ರಶ್ನೆ, ಕೆಳಗೆ ಗೆರೆ ಹಾಕಿಕೊಳ್ಳಿ ಎನ್ನುತ್ತಿದ್ದೆ. ಪ್ರತಿ ವರ್ಷ ಹುಡುಗರು ಗೆರೆ ಹಾಕಿಕೊಂಡರು.

ಈಗ ಹಗ್ಗದ ವಿಷಯ. ನಮ್ಮ ಲ್ಯಾಬು ಎರಡನೆಯ ಮಹಡಿಯಲ್ಲಿದೆ. ಹೊಗೆ ಹೊರಗೆ ಹೋಗಲು ಗೋಡೆಯಲ್ಲಿ ಒಂದು ದೊಡ್ಡ ಫ್ಯಾನು ಇದೆ, ಅದರ ಹೊರಬಾಯಿ ಕಾಲೇಜಿನ ಹಿಂಭಾಗಕ್ಕೆ. ಪ್ರತಿ ವರ್ಷ ಪಾರಿವಾಳಗಳು ಅಲ್ಲಿ ಗೂಡು ಕಟ್ಟುತ್ತವೆ. ಪ್ರಾಯೋಗಿಕ ಪರೀಕ್ಷೆಗೆ ಮುಂಚೆ ಅದನ್ನು ತೆಗೆಸದಿದ್ದರೆ ಲ್ಯಾಬಿನೊಳಗೆ ಉಸಿರಾಡುವುದು ಕಷ್ಟ. ಅಷ್ಟು ಎತ್ತರದ ಏಣಿ ನಮ್ಮಲ್ಲಿಲ್ಲ. ಅರ್ಜಿ ಕೊಟ್ಟು ಯಾರನ್ನಾದರೂ ಕರೆಸುವಷ್ಟರಲ್ಲಿ ಪರೀಕ್ಷೆಯೇ ಮುಗಿದಿರುತ್ತದೆ. ಆದ್ದರಿಂದ ಅಟೆಂಡರೇ ಗಚ್ಚಿಯ ಮೇಲೆ ಹೋಗಿ, ನೀರಿನ ಟಾಕಿಯ ಕಂಬಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಸೊಂಟಕ್ಕೆ ಬಿಗಿದುಕೊಂಡು, ಗೋಡೆಗೆ ಕಾಲು ಕೊಟ್ಟು ಇಳಿಯುತ್ತಿದ್ದ. ಗಚ್ಚಿಯ ಅಂಚಿನ ಕಲ್ಲಿಗೆ ಹಗ್ಗ ಉಜ್ಜಬಾರದೆಂದು ಅಲ್ಲಿ ಒಂದು ಗೋಣಿಚೀಲವನ್ನು ಮಡಚಿ ಹಾಕುತ್ತಿದ್ದ. ಎಷ್ಟೋ ವರ್ಷ ಇದು ಹೀಗೇ ನಡೆದಿತ್ತು. ಇದು ಸರಿಯಲ್ಲ ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಹಳೆಯ ಸೆಣಬಿನ ಹಗ್ಗ ಜೀರ್ಣವಾಗಿತ್ತೆಂದು ಹೊಸದನ್ನು ಕೊಳ್ಳಲು ನಾನೇ ಅವನ ಜೊತೆ ಹುಬ್ಬಳ್ಳಿಗೆ ಹೋಗಿದ್ದೆ. ಲ್ಯಾಬಿನ ಗಾಜಿನ ಸಾಮಾನು ತರುವುದೂ ಇತ್ತು. ದುರ್ಗದಬೈಲಿನ ಹತ್ತಿರದ ಅಂಗಡಿಯವನು ಒಂದು ಹಳದಿ ಹಗ್ಗ ಎಳೆದು ಹಾಕಿದ.

“ಇದ ತಗೋರಿ ಮೇಡಂ, ಹಗೂರ ಐತಿ, ಎಲ್ಲಾರೂ ಇದನ್ನ ಒಯ್ಯತಾರ. ನೈಲಾನ್ ಐತ್ರಿ.”

ಮುಟ್ಟಿ ನೋಡಿ ನಾನು ನಕ್ಕೆ. “ಇದು ನೈಲಾನ್ ಅಲ್ಲ. ಪಾಲಿಪ್ರೊಪಿಲೀನ್. ನೀರಾಗ ಹಾಕು, ತೇಲತದ. ನನಗ ಖರೇ ನೈಲಾನ್ ಬೇಕು.”

ಅಂಗಡಿಯವನು ಬಿಳಿಯ, ದಪ್ಪ, ಭಾರದ ಹಗ್ಗ ತೆಗೆದ. ನನ್ನ ಬಾಯಿ ಸುಮ್ಮನಿರಬೇಕಲ್ಲ. ನೈಲಾನಿನ ಸರಪಳಿಗಳು ಒಂದರ ಪಕ್ಕ ಒಂದು ಹೇಗೆ ಹಿಡಿದುಕೊಂಡಿರುತ್ತವೆ, ಅದಕ್ಕೆ ಅಷ್ಟು ಬಲ ಯಾಕೆ ಎಂದು ಅಂಗಡಿಯ ಕಟ್ಟೆಯ ಮೇಲೇ ಒಂದು ಪಾಠ ಬಿಗಿದೆ. ಅಟೆಂಡರ್ ಪಕ್ಕದಲ್ಲಿ ನಿಂತು, “ನಮ್ಮ ಮೇಡಂಗ ಮೋಸ ಮಾಡಾಕ ಬರಂಗಿಲ್ಲಪಾ” ಎಂದು ಅವನಿಗೆ ಹೇಳಿದ. ಆ ಹಳದಿ ಹಗ್ಗಕ್ಕೆ ಆಸಿಡ್ ಏನೂ ಮಾಡುವುದಿಲ್ಲ. ಅದರ ಅಣುಗಳು ಏನನ್ನೂ ಕಳಚದೆ ನೇರವಾಗಿ ಸೇರಿಕೊಂಡಂಥವು, ಹೀಗೆ ಬಿಚ್ಚಿಕೊಳ್ಳುವ ಬೆಸುಗೆ ಅಲ್ಲಿಲ್ಲ. ಅಂದು ಅದನ್ನೇ ತಂದಿದ್ದರೆ ಅವನು ಇಂದಿಗೂ ನಡೆದಾಡುತ್ತಿದ್ದ.

ಹಗ್ಗ ಕಾಲೇಜಿಗೆ ಬಂತು. ಮೊದಲ ಎರಡು ವರ್ಷ ಅದು ಕಾರಿಡಾರಿನ ಒಂದು ಮೊಳೆಗೆ ನೇತಾಡುತ್ತಿತ್ತು. ಹೋಗುತ್ತ ಬರುತ್ತ ಅದು ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಒಂದು ದಿನ ಯಾರೋ ತಪಾಸಣೆಗೆ ಬರುತ್ತಾರೆ ಎಂದಾಗ ನಾನು ರೇಗಿ, “ಇದೇನು ಕಾಲೇಜೋ, ದನದ ಕೊಟಗಿಯೋ? ತಗದು ಒಳಗಿಡು” ಎಂದೆ. ಒಳಗೆ ಎಂದರೆ ಬೀಗವಿರುವ ಒಂದೇ ಕೋಣೆ, ಆಸಿಡ್ ಕೋಣೆ.

“ಆ ಕೋಣ್ಯಾಗ ಇಟ್ಟದ್ದು ಯಾವುದೂ ಬಾಳಂಗಿಲ್ಲರಿ ಮೇಡಂರಿ,” ಎಂದು ಅವನು ತಕರಾರು ತೆಗೆದ.

“ಕಬ್ಬಿಣ ಬಾಳಂಗಿಲ್ಲ. ಹಗ್ಗಕ್ಕೇನು ಜಂಗು ಹಿಡೀತದೇನು?” ಎಂದೆ ನಾನು.

ಅವನು ಸುಮ್ಮನೆ ಒಯ್ದು ಇಟ್ಟ. ಅದು ನಿಜವಾಗಿಯೂ ನನ್ನ ಮಾತು, ನನ್ನ ಬಾಯಿಂದಲೇ ಬಂದ ಮಾತು. ಆ ಕೋಣೆಯಲ್ಲಿ ಕೀಲುಗಳು ತುಕ್ಕು ಹಿಡಿದು ಉದುರುತ್ತಿದ್ದವು, ಸ್ಟ್ಯಾಂಡುಗಳು ಸವೆಯುತ್ತಿದ್ದವು. ಆದ್ದರಿಂದ ನನ್ನ ತಲೆಯಲ್ಲಿ ಆಸಿಡ್ ಹೊಗೆ ಎಂದರೆ ಕಬ್ಬಿಣದ ಶತ್ರು, ಅಷ್ಟೇ. ಪಾಠದಲ್ಲಿದ್ದ ನೈಲಾನು ಬೀಕರಿನೊಳಗಿನದು, ಮೊಳೆಗೆ ನೇತಾಡುತ್ತಿದ್ದದ್ದು ಬರೀ ಹಗ್ಗ. ಓದಿದವರು ಮಾಡುವ ತಪ್ಪು ಇಂಥದ್ದೇ ಇರುತ್ತದೆ. ಓದದವನಿಗೆ ಅಂದೇ ಗೊತ್ತಾಗಿತ್ತು.

ಅವನು ಬಿದ್ದದ್ದು ಆಮೇಲಿನ ವರ್ಷ, ಪ್ರಾಯೋಗಿಕ ಪರೀಕ್ಷೆಗೆ ನಾಲ್ಕು ದಿನ ಇರುವಾಗ. ಬೆಳಿಗ್ಗೆ ಹತ್ತರ ಹೊತ್ತಿಗೆ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಗಚ್ಚಿಗೆ ಹೋಗುವಾಗ ಅವನು ನನ್ನ ಮೇಜಿನ ಮುಂದೆ ನಿಂತ.

“ಹಗ್ಗ ಒಂಥರಾ ವಾಸನಿ ಬರಾಕತ್ತೈತ್ರಿ. ನೋಡ್ರಿ, ಇಲ್ಲೆ ಹಳದಿ ಆಗೇತಿ.”

ನಾನು ಹಾಲ್ ಟಿಕೆಟ್ ಪಟ್ಟಿ ನೋಡುತ್ತಿದ್ದೆ, ತಲೆ ಎತ್ತಲಿಲ್ಲ. “ಆ ಕೋಣ್ಯಾಗ ಇಟ್ಟ ಮ್ಯಾಲ ವಾಸನಿ ಬರದ ಇರತದೇನು? ಲಗೂ ಮುಗಿಸಿ ಬಾ, ಬೀಕರ್ ತೊಳಿಯೂದು ಹಂಗ ಉಳದದ” ಎಂದೆ.

ಕಾಲು ಗಂಟೆ ಕಳೆದಿರಬೇಕು. ಹಿಂಭಾಗದಿಂದ ಒಂದು ಸದ್ದು ಬಂತು. ದೊಡ್ಡ ಸದ್ದೇನಲ್ಲ. ಮಾಳಿಗೆಯ ಮೇಲಿಂದ ಹಿಟ್ಟಿನ ಚೀಲ ಕೆಡವಿದರೆ ಬರುವಂಥ ಸದ್ದು. ಪಾರಿವಾಳಗಳು ಒಮ್ಮೆಲೇ ಹಾರಿದವು. ನಾವೆಲ್ಲ ಕೆಳಗೆ ಓಡಿದಾಗ ಅವನು ಕಲ್ಲುಹಾಸಿನ ಮೇಲೆ ಅಂಗಾತ ಬಿದ್ದಿದ್ದ. ಸೊಂಟದಲ್ಲಿ ಹಗ್ಗದ ಮೊಳದುದ್ದದ ತುಂಡು. ಕಣ್ಣು ತೆರೆದಿತ್ತು, ನನ್ನನ್ನು ನೋಡಿ, “ಕಾಲು ಎಲ್ಲಿ ಅದಾವ್ರಿ?” ಎಂದು ಕೇಳಿದ. ಕಾಲುಗಳು ಅಲ್ಲಿಯೇ ಇದ್ದವು.

ಹುಬ್ಬಳ್ಳಿಯ ದವಾಖಾನೆಗೆ ಒಯ್ದರು. ಅವನ ಹೆಂಡತಿ ಕೆಲಗೇರಿಯ ಮನೆಯಿಂದ ನೇರವಾಗಿ ಬಂದಳು. ಅವಳು ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವವಳು, ಮೊಣಕೈಯವರೆಗೆ ಹಿಟ್ಟು ಹಾಗೇ ಇತ್ತು. ಎಲ್ಲರನ್ನೂ ಬಿಟ್ಟು ನನ್ನ ಹತ್ತಿರ ಬಂದು ಕೇಳಿದಳು.

“ಹಗ್ಗ ಹ್ಯಾಂಗ ಹರೀತ್ರಿ ಅಕ್ಕಾರ? ಇಷ್ಟ ವರ್ಷ ಹರೀಲಾರದ್ದು?”

ಆ ಕ್ಷಣಕ್ಕೆ ನನಗೂ ಗೊತ್ತಿರಲಿಲ್ಲ. ಇದನ್ನು ನಾನು ನನ್ನ ಪರವಾಗಿ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಗೊತ್ತಿಲ್ಲ ಎಂದರೆ ಸಾಕಿತ್ತು. ಆದರೆ ಇಷ್ಟು ವರ್ಷ ಪ್ರಶ್ನೆ ಕೇಳಿದ ತಕ್ಷಣ ಉತ್ತರ ಕೊಟ್ಟು ರೂಢಿಯಾದ ನಾಲಿಗೆ ಇದು. “ಅಂಚಿಗೆ ಉಜ್ಜಿ ಹರದಿರಬೇಕು. ಅವಸರದಾಗ ಚೀಲ ಹಾಕೂದು ಮರತಿರಬೇಕು” ಎಂದೆ.

ಅವಳು ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. “ಒಂದು ಚೀಲ,” ಎಂದಳು. “ಒಂದು ಚೀಲ ಹಾಕೂದು ಆಗಲಿಲ್ಲಲ್ಲಾ ನನ್ನ ಗಂಡಗ.”

ಮರುದಿನ ಬೆಳಿಗ್ಗೆ ಕಾಲೇಜು ತೆರೆಯುವ ಮೊದಲೇ ನಾನು ಗಚ್ಚಿ ಹತ್ತಿದೆ. ಟಾಕಿಯ ಕಂಬಕ್ಕೆ ಕಟ್ಟಿದ ಗಂಟು ಗಟ್ಟಿಯಾಗಿಯೇ ಇತ್ತು. ಅಂಚಿನ ಕಲ್ಲಿನ ಮೇಲೆ ಗೋಣಿಚೀಲವಿತ್ತು. ನಾಲ್ಕು ಪದರ ಮಡಚಿ, ಗಾಳಿಗೆ ಸರಿಯಬಾರದೆಂದು ಎರಡೂ ಬದಿಗೆ ಇಟ್ಟಂಗಿ ಇಟ್ಟಿದ್ದ. ಹಗ್ಗ ಅದರ ಮೇಲೆ ಹಾದು, ಅಂಚು ದಾಟಿ ಎರಡು ಮಾರು ಕೆಳಗೆ ಹರಿದಿತ್ತು. ಅಲ್ಲಿ ಅದಕ್ಕೆ ತಾಗುವಂಥ ಕಲ್ಲೇ ಇರಲಿಲ್ಲ.

ಹಗ್ಗವನ್ನು ಮೇಲೆ ಎಳೆದುಕೊಂಡು ಹರಿದ ತುದಿ ನೋಡಿದೆ. ಉಜ್ಜಿ ಹರಿದ ಹಗ್ಗದ ತುದಿ ಬಿಚ್ಚಿದ ಜಡೆಯ ಹಾಗೆ ಕೆದರಿಕೊಂಡಿರುತ್ತದೆ. ಇದು ಒಣ ಶಾವಿಗೆ ಮುರಿದಂತೆ ಮುರಿದಿತ್ತು. ಬೆರಳಲ್ಲಿ ತಿಕ್ಕಿದರೆ ಎಳೆಗಳು ಪುಡಿಯಾಗಿ ಉದುರಿದವು. ಆಸಿಡ್ ಕೋಣೆಯ ಬೀಗ ತೆಗೆದು ಹಗ್ಗ ಇಟ್ಟಿದ್ದ ಜಾಗ ನೋಡಿದೆ. ಅದರ ನೇರ ಮೇಲಿನ ಹಲಗೆಯಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ಡಿನ ಕ್ಯಾನು. ಮುಚ್ಚಳ ಸೀಳಿತ್ತು. ಕ್ಯಾನಿನ ಪಕ್ಕೆಗುಂಟ ಒಂದು ಹನಿ ಇಳಿದು, ಹಲಗೆಯ ಅಂಚಿನಲ್ಲಿ ತೂಗುತ್ತಿತ್ತು.

ಆಮೇಲೆ ನಾನು ಮಾಡಿದ್ದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ನಾನು ಒಂದು ಬೀಕರಿನಲ್ಲಿ ನೀರು ತುಂಬಿದೆ. ಒಂದೇ ಒಂದು ಆಸೆ ಉಳಿದಿತ್ತು. ಅಂಗಡಿಯವನು ನನಗೆ ಮೋಸ ಮಾಡಿರಲಿ, ಬಿಳಿ ಬಣ್ಣದ ಪಾಲಿಪ್ರೊಪಿಲೀನನ್ನೇ ನೈಲಾನ್ ಎಂದು ಕೊಟ್ಟಿರಲಿ ಎಂಬುದು ಆ ಆಸೆ. ಹಾಗಿದ್ದರೆ ತುಂಡು ತೇಲುತ್ತದೆ, ಆಸಿಡ್ಡಿಗೂ ಅದಕ್ಕೂ ಸಂಬಂಧವಿಲ್ಲ, ನನಗೂ ಅವನ ಬೆನ್ನಿಗೂ ಸಂಬಂಧವಿಲ್ಲ. ಹಗ್ಗದ ಒಳ್ಳೆಯ ಭಾಗದಿಂದ ಬೆರಳುದ್ದ ಕತ್ತರಿಸಿ ನೀರಿಗೆ ಹಾಕಿದೆ.

ತೇಲಿತು. ಒಂದು ನಿಮಿಷ ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ದವಾಖಾನೆಯಲ್ಲಿ ಮಲಗಿದ್ದವನನ್ನು ಪೂರ್ತಿ ಮರೆತೆ. ಆಮೇಲೆ ಎಳೆಗಳ ನಡುವಿನಿಂದ ಗಾಳಿಯ ಗುಳ್ಳೆಗಳು ಏಳುವುದು ಕಂಡಿತು. ಗಾಜಿನ ಕೋಲಿನಿಂದ ತುಂಡನ್ನು ಒತ್ತಿದೆ. ಗುಳ್ಳೆಗಳೆಲ್ಲ ಹೊರಟ ಮೇಲೆ ಕೋಲು ತೆಗೆದೆ. ತುಂಡು ಮೆಲ್ಲಗೆ ತಳಕ್ಕೆ ಹೋಗಿ ಕುಳಿತಿತು.

ಅಷ್ಟಕ್ಕೇ ಬಿಡಲಿಲ್ಲ. ಹರಿದ ತುದಿಯನ್ನು ಒದ್ದೆ ಮಾಡಿ ನೀಲಿ ಲಿಟ್ಮಸ್ ಒತ್ತಿದೆ, ಕಾಗದ ಕೆಂಪಾಯಿತು. ಒಂದು ಎಳೆಯನ್ನು ಗಟ್ಟಿ ಆಸಿಡ್ಡಿನಲ್ಲಿ ಹಾಕಿ ಕಾದೆ, ಅದು ಮೆತ್ತಗಾಗಿ, ಅಂಟಾಗಿ, ಕೊನೆಗೆ ಕಾಣದಾಯಿತು. ಬೇರೆ ಯಾರ ತಪ್ಪಾಗಿದ್ದರೂ ಇದನ್ನೆಲ್ಲ ಚಂದವಾಗಿ ಬರೆದು, ಚಿತ್ರ ತೆಗೆದು, ತರಗತಿಯಲ್ಲಿ ಉದಾಹರಣೆ ಕೊಡುತ್ತಿದ್ದೆ. ಎಲ್ಲವನ್ನೂ ಸಿಂಕಿಗೆ ಸುರಿದೆ. ಗಚ್ಚಿಗೆ ಹೋಗಿ ಚೀಲವನ್ನು ತೆಗೆದು, ಕೆಳಗೆ ತಂದು, ಕಸದ ಗುಂಡಿಗೆ ಹಾಕಿದೆ. ಇಟ್ಟಂಗಿಗಳನ್ನು ಟಾಕಿಯ ಹಿಂದೆ ಇಟ್ಟೆ. ಇಡುವಾಗಲೂ ನೆಟ್ಟಗೆ ಒಂದರ ಮೇಲೊಂದು ಇಟ್ಟೆ.

ಪ್ರಾಚಾರ್ಯರು ಸಾಹಿತ್ಯದವರು. ಮಧ್ಯಾಹ್ನ ನನ್ನನ್ನು ಕರೆದು, “ನೀವು ಕೆಮಿಸ್ಟ್ರಿಯವರು, ನಿಮಗ ತಿಳೀತದ. ಹಗ್ಗ ಯಾಕ ಹರೀತು ಅಂತ ನಾಕು ಸಾಲು ಬರದು ಕೊಡ್ರಿ, ಫೈಲಿಗೆ ಹಾಕೋಣು” ಎಂದರು. ನಾನು ನಾಲ್ಕು ಸಾಲು ಬರೆದೆ. ಅಂಚಿನ ಕಲ್ಲಿಗೆ ಉಜ್ಜಿ ಹಗ್ಗ ಹರಿದಿದೆ, ರಕ್ಷಣೆಗೆ ಹಾಕಬೇಕಾದ ಚೀಲವನ್ನು ಹಾಕಿರಲಿಲ್ಲ ಎಂದು ಬರೆದು ಸಹಿ ಮಾಡಿದೆ. ಸಂಜೆ ದವಾಖಾನೆಗೆ ಹೋಗಿ ಅವನ ಹೆಂಡತಿಯ ಪಕ್ಕ ಬೆಂಚಿನ ಮೇಲೆ ಕುಳಿತೆ, ಅವಳ ಕೈ ಹಿಡಿದುಕೊಂಡೆ.

ಅವನು ಬದುಕಿದ. ಸೊಂಟದ ಕೆಳಗೆ ಏನೂ ಉಳಿಯಲಿಲ್ಲ. ತಲೆಗೂ ಪೆಟ್ಟಾಗಿತ್ತು, ಆ ಬೆಳಗಿನ ನೆನಪು ಪೂರ್ತಿ ಅಳಿಸಿಹೋಗಿತ್ತು. ಮನೆಯಲ್ಲಿ ಚಹಾ ಕುಡಿದು ಹೊರಟದ್ದು ನೆನಪಿದೆ, ಆಮೇಲೆ ದವಾಖಾನೆಯ ಫ್ಯಾನು ನೆನಪಿದೆ. ಚೀಲ ಹಾಕಿದನೋ ಇಲ್ಲವೋ ಅವನಿಗೇ ಗೊತ್ತಿಲ್ಲ. ಹಾಕಿರಲಿಲ್ಲ ಎಂದು ಮೇಡಂ ಹೇಳಿದ ಮೇಲೆ ಹಾಕಿರಲಿಲ್ಲ.

ಎರಡು ವರ್ಷ ನಾನು ತಿಂಗಳಿಗೊಂದು ಭಾನುವಾರ ಕೆಲಗೇರಿಗೆ ಹೋಗುತ್ತಿದ್ದೆ. ಹಣ್ಣು, ಮುಲಾಮು, ಅವನಿಗೆ ಇಷ್ಟವೆಂದು ಒಂದು ಪಾವು ಫೇಡಾ. ಆ ಓಣಿಯಲ್ಲಿ ನನಗೆ ದೊಡ್ಡ ಹೆಸರು ಬಂತು. ನೋಡ್ರಿ, ಎಷ್ಟು ದೊಡ್ಡವರು, ಮರೀಲಿಲ್ಲ ಎನ್ನುತ್ತಿದ್ದರು. ನಾನು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದೆ. ಹೊತ್ತುಹೊತ್ತಿಗೆ ಅವಳು ಬಂದು ಅವನನ್ನು ಮಗ್ಗುಲು ಬದಲಿಸುತ್ತಿದ್ದಳು. ರೊಟ್ಟಿ ಬಡಿದು ದಣಿದ ಕೈಗಳಿಂದ ಅವನ ಭಾರ ಎತ್ತುವಾಗ ಪ್ರತಿ ಸಲ ಬಾಯಿಂದ ಅದೇ ಮಾತು ಬರುತ್ತಿತ್ತು. “ಒಂದು ಚೀಲ ಹಾಕಿದ್ರ ಇದೆಲ್ಲಾ ಎಲ್ಲಿಂದ ಬರ್ತಿತ್ತು?” ಸಿಟ್ಟಿನಿಂದಲ್ಲ, ಕೆಮ್ಮು ಬಂದ ಹಾಗೆ. ಅವನು ಮುಖ ಗೋಡೆಗೆ ಹೊರಳಿಸುತ್ತಿದ್ದ. ನಾನು ಬಸಿಯಲ್ಲಿ ಉಳಿದ ಚಹಾ ನೋಡುತ್ತಿದ್ದೆ.

ಪಾಲಿಮರ್ ಪಾಠವನ್ನು ಬೇರೆಯವರಿಗೆ ಬಿಟ್ಟುಕೊಟ್ಟೆ. ಕಣ್ಣಿನ ತೊಂದರೆ ಎಂದು ಒಂದು ಸುಳ್ಳು ಹೇಳಿದೆ. ಇಷ್ಟಾದ ಮೇಲೆ ಇನ್ನೊಂದು ಸುಳ್ಳಿಗೇನು.

ಹೋದ ವರ್ಷ ಲ್ಯಾಬಿಗೆ ಹೊಸ ಅಟೆಂಡರ್ ಬಂದ. ಆ ತಿಂಗಳು ಕೆಲಗೇರಿಗೆ ಹೋದಾಗ ಸುದ್ದಿ ಹೇಳಿದೆ. ಅವನು ನನ್ನನ್ನು ಹತ್ತಿರ ಕರೆದ.

“ಮೇಡಂರಿ, ನನ್ನದೊಂದು ಕೆಲಸ ಮಾಡ್ರಿ. ಹೊಸಬಗ ನನ್ನ ಹೆಸರು ತಗೊಂಡು ಹೇಳ್ರಿ, ಚೀಲ ಮರೀಬ್ಯಾಡಪಾ ಅಂತ. ಅಂವಾ ಮರತ, ಹಿಂಗಾದ ಅಂತ ಹೇಳ್ರಿ. ನಾಚಿಕಿ ಏನಿಲ್ಲ. ನನ್ನಂಗ ಮತ್ತೊಬ್ಬರು ಆಗಬಾರದು.”

ನನಗೆ ಅಲ್ಲಿ ಕುಳಿತಿರಲು ಆಗಲಿಲ್ಲ, ಎದ್ದು ಹೋಗಲೂ ಆಗಲಿಲ್ಲ. “ನೀ ಮರತಿರಲಿಲ್ಲ” ಎಂದೆ.

ಅವನಿಗೆ ಅರ್ಥವಾಗಲಿಲ್ಲ. ನಾನು ಮತ್ತೆ ಹೇಳಿದೆ. ಒಮ್ಮೆ ಬಾಯಿ ತೆರೆದ ಮೇಲೆ ಎಲ್ಲವನ್ನೂ ಹೇಳಿದೆ. ಮೊಳೆಯಿಂದ ಹಗ್ಗ ತೆಗೆಸಿದ್ದು, ಆಸಿಡ್ ಕ್ಯಾನು, ಅಂದು ಬೆಳಿಗ್ಗೆ ಅವನು ಹಗ್ಗ ತೋರಿಸಿದ್ದು, ನಾನು ತಲೆ ಎತ್ತದೆ ಇದ್ದದ್ದು, ಗಚ್ಚಿಯ ಮೇಲೆ ಕಂಡ ಚೀಲ, ಬೀಕರಿನ ತಳಕ್ಕೆ ಹೋದ ತುಂಡು, ಬರೆದುಕೊಟ್ಟ ನಾಲ್ಕು ಸಾಲು. ಕೆಮಿಸ್ಟ್ರಿಯನ್ನು ಅವನಿಗೆ ವಿವರಿಸಬೇಕಾಗಲಿಲ್ಲ. ಆ ಪಾಠವನ್ನು ಅವನು ನನ್ನಷ್ಟೇ ಸಲ ಕೇಳಿದ್ದ.

“ನೀರು ಬಿಟ್ಟು ಹತ್ತಿದ್ದು,” ಎಂದು ಅವನೇ ಹೇಳಿದ, “ಆಸಿಡ್ ನೀರಿಗೆ ಬಿಚ್ಚತೈತಿ.” ಆಮೇಲೆ, “ನಾ ಹಗ್ಗ ತೋರಿಸಿದ್ದೆನೇನ್ರಿ ನಿಮಗ?” ಎಂದು ಕೇಳಿದ.

“ತೋರಿಸಿದ್ದಿ.”

ಅವನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಛಾವಣಿ ನೋಡುತ್ತಾ, “ಆಕಿನ್ನ ಕರೀರಿ. ಆಕಿ ಮುಂದ ಹೇಳ್ರಿ” ಎಂದ.

ಅವಳು ಒಲೆಯ ಮುಂದಿನಿಂದ ಎದ್ದು ಬಂದಳು. ನಾನು ಎರಡನೆಯ ಸಲ ಹೇಳಿದೆ. ಅವಳಿಗೆ ಆಸಿಡ್ಡು, ನೈಲಾನು ಬೇಕಿರಲಿಲ್ಲ.

“ಚೀಲ ಹಾಕಿದ್ರೇನ್ರಿ ಇವರು?”

“ಹಾಕಿದ್ದ. ಮಡಚಿ ಹಾಕಿದ್ದ. ನಾನು ಕಣ್ಣಾರೆ ನೋಡೇನಿ.”

“ಯಾವಾಗ ನೋಡಿದ್ರಿ?”

“ಮರುದಿನ. ಬೆಳಿಗ್ಗೆ.”

ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. “ಮರುದಿನ ಸಂಜೀಕ ನೀವು ದವಾಖಾನಿಗೆ ಬಂದಿದ್ರಿ. ನನ್ನ ಬಾಜೂಕ ಕುಂತು ನನ್ನ ಕೈ ಹಿಡಕೊಂಡಿದ್ರಿ.” ನಾನು ಹೌದು ಎಂದೆ. “ಎರಡು ವರ್ಷ ಆತ್ರಿ ಅಕ್ಕಾರ. ದಿನಾ ಅಂದೇನಿ ನಾ ಇವರಿಗೆ. ದಿನಾ. ನಿಮ್ಮ ಮುಂದನೂ ಅಂದೇನಿ, ನೀವು ಇಲ್ಲೆ ಕುಂತು ಕೇಳೀರಿ. ಅಂದದ್ದನ್ನ ನಾ ಈಗ ಹ್ಯಾಂಗ ತಿರುಗಿ ತಗೊಳ್ಳಲಿ, ಹೇಳ್ರಿ. ನೀವು ಕಲಿಸಾವ್ರು.”

ಅವಳು ಫೇಡಾದ ಪೊಟ್ಟಣವನ್ನು ಎತ್ತಿ ನನ್ನ ಚೀಲದೊಳಗೆ ವಾಪಸ್ ಹಾಕಿದಳು. “ಅಲ್ಲೆ ಬರದು ಕೊಟ್ಟೀರಲ್ಲ, ಅದನ್ನ ಸರಿ ಮಾಡಿ ಬರೀರಿ. ಸಹಿ ಮಾಡ್ರಿ. ಬರದದ್ದನ್ನ ಇಲ್ಲೆ ತಂದು ಇವರಿಗೆ ಓದಿ ತೋರಿಸ್ರಿ. ಆಮ್ಯಾಲ ಬರಬ್ಯಾಡ್ರಿ.”

ಬರೆಯಲು ಮೂರು ದಿನ ಹಿಡಿಯಿತು. ಪ್ರಾಚಾರ್ಯರು ಓದಿ ಕನ್ನಡಕ ತೆಗೆದಿಟ್ಟರು. ನಿಮ್ಮ ನಿವೃತ್ತಿಗೆ ಇನ್ನೆಷ್ಟು ದಿನ ಉಳಿದಿದೆ, ಇದನ್ನು ಈಗ ಯಾಕೆ ಕೆದಕುತ್ತೀರಿ ಎಂದರು. ನಾನು ಕದಲದೆ ನಿಂತದ್ದು ನೋಡಿ ಮೇಲಿನವರಿಗೆ ಕಳಿಸಲು ಒಪ್ಪಿದರು. ವಿಚಾರಣೆ ಈಗಲೂ ನಡೆದಿದೆ. ಅದರಿಂದ ನನಗೆ ಏನಾಗುತ್ತದೋ ಗೊತ್ತಿಲ್ಲ, ಏನಾದರೂ ಆಗಲಿ ಎಂದೇ ನನಗೆ ಅನ್ನಿಸುತ್ತದೆ.

ಆ ಕಾಗದದ ಪ್ರತಿ ಹಿಡಿದು ಮುಂದಿನ ಭಾನುವಾರ ಕೆಲಗೇರಿಗೆ ಹೋದೆ. ಕುರ್ಚಿ ಹಾಕಲಿಲ್ಲ, ನಾನೂ ಕೇಳಲಿಲ್ಲ. ಬಾಗಿಲ ಹತ್ತಿರ ನಿಂತು ಓದಿದೆ. ಎರಡು ಪುಟವಿತ್ತು. ಅವನು ಎದೆಯ ಮೇಲೆ ಕೈ ಇಟ್ಟುಕೊಂಡು ಪೂರ್ತಿ ಕೇಳಿದ. ಅವಳು ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಮುಗಿದ ಮೇಲೆ ಕಾಗದ ಮಡಚಿ ಹೊರಡಬೇಕೆಂದಿದ್ದೆ.

“ಆ ಚೀಲದ್ದು ಬರದೀರಲ್ಲ,” ಎಂದು ಅವನು ಹೇಳಿದ, “ಅಷ್ಟ ಇನ್ನೊಮ್ಮೆ ಓದ್ರಿ.”

ಕಾಗದ ಬಿಚ್ಚಿ ಓದಿದೆ. ‘ಅಟೆಂಡರನು ಎಂದಿನಂತೆ ಅಂಚಿನ ಕಲ್ಲಿನ ಮೇಲೆ ಗೋಣಿಚೀಲವನ್ನು ನಾಲ್ಕು ಪದರ ಮಡಚಿ, ಎರಡೂ ಬದಿಗೆ ಇಟ್ಟಂಗಿಯಿಟ್ಟು, ಅದರ ಮೇಲೆಯೇ ಹಗ್ಗವನ್ನು ಹಾಯಿಸಿದ್ದನು. ಅವನ ಕೆಲಸದಲ್ಲಿ ಯಾವ ತಪ್ಪೂ ಇರಲಿಲ್ಲ.’

ಅವನ ತುಟಿಗಳು ನನ್ನ ಜೊತೆ ಅಲ್ಲಾಡುತ್ತಿದ್ದವು, ಬಾಯಿಪಾಠ ಮಾಡಿಕೊಳ್ಳುವ ಹುಡುಗರ ಹಾಗೆ.

“ಇನ್ನೊಮ್ಮೆ ಓದ್ರಿ,” ಎಂದ. “ಸಾವಕಾಶ. ಆಕಿಗೆ ಕೇಳಲಿ.”